ಎರಡು ತಂತಿಕಂಬಗಳ ನಡುವೆ

ಈ ಸಲದ ಯುಗಾದಿ ಕಳೆದು ಐದಾರು ದಿನಗಳಾಗಿದ್ದುವು. ಹಿಂದಿನ ಸಂಜೆ ಬಿದ್ದ ರೇವತಿ ಮಳೆ ರಸ್ತೆಯ ಧೂಳನ್ನು ಅಡಗಿಸಿ, ಸೆಕೆಯನ್ನು ಮಾತ್ರ ಇಮ್ಮಡಿಯಾಗಿಸಿ ಹೋಗಿದ್ದಿತು. ಇಂದಿರಾನಗರದ ಕಣ್ಣಿನ ವೈದ್ಯರಲ್ಲಿಗೆ ಹೊರಟಿದ್ದ ನಾನು, ಒಮ್ಮೆ ಕುಳಿತರೆ ಮತ್ತೆ ಏಳುವಾಗ ಮಂಡಿ ಮಾಡುವ ತಕರಾರಿಗೆ ಹೆದರಿ, ಕೃಷ್ಣರಾಜಪುರದ ಮೆಟ್ರೊ ನಿಲ್ದಾಣದ ಮೇಲಂತಸ್ತಿನಲ್ಲಿ ಕಂಬವೊಂದಕ್ಕೆ ಒರಗಿ ನಿಂತಿದ್ದೆ. ಕೆಲವು ತಿಂಗಳುಗಳಿಂದ ನನ್ನ ಎಡಗಣ್ಣಿನ ಮುಂದೆ ಕಪ್ಪು ಚುಕ್ಕೆಗಳು ತೇಲುತ್ತಿವೆ. ಅವು ಎಷ್ಟು, ಯಾವ ಹೊತ್ತಿನಲ್ಲಿ ಹೆಚ್ಚು ಎಂಬುದನ್ನು ಗಮನಿಸಿ ಬಂದು ಹೇಳಬೇಕೆಂದು ವೈದ್ಯರು ಅಪ್ಪಣೆ ಮಾಡಿದ್ದರಾದ ಕಾರಣ, ಹಳಿಗಳ ಮೇಲಿನ ಬಯಲಿನಲ್ಲಿ ಚುಕ್ಕೆಯೊಂದು ಕಾಣಿಸಿಕೊಂಡಾಗ ವಿಧೇಯನಾಗಿ ನಿಲ್ದಾಣದ ಗಡಿಯಾರವನ್ನು ನೋಡಿ ‘ಒಂದು’ ಎಂದೆ. ಮತ್ತೊಂದು ಬಂದಿತು; ‘ಎರಡು’ ಎಂದೆ. ಮೂರನೆಯದು ಬಂದಾಗ ಅನುಮಾನ ಹುಟ್ಟಿತು. ಕಣ್ಣಿನೊಳಗಿನ ಚುಕ್ಕೆ ಕಣ್ಣು ಹೊರಳಿದತ್ತ ಹೊರಳುತ್ತದೆ. ಇದು ನನ್ನ ಕಣ್ಣಿನ ಹಂಗಿಲ್ಲದೆ, ಬೈಯಪ್ಪನಹಳ್ಳಿಯ ಕಡೆಯಿಂದ ಹೊಸಕೋಟೆಯ ಕಡೆಗೆ, ನೂಲು ಹಿಡಿದಂತೆ ನೇರವಾಗಿ ಹೋಗುತ್ತಿದ್ದಿತು. ಅದರ ಹಿಂದೆಯೇ ಇನ್ನೆರಡು. ನಿಲ್ದಾಣದ ಸೂರು ಎದುರಾದಾಗ ಅವು ಪಕ್ಕಕ್ಕೆ ಸರಿದು ದಾರಿ ಹುಡುಕುವ ಗೋಜಿಗೆ ಹೋಗಲಿಲ್ಲ. ಸೂರನ್ನೇ ಏರಿ, ದಾಟಿ, ಆಚೆಯ ಬದಿಯಲ್ಲಿ ತಮ್ಮ ಮೊದಲಿನ ಎತ್ತರಕ್ಕೆ ಇಳಿದು, ನಡುವೆ ಏನೂ ನಡೆಯಲಿಲ್ಲವೆಂಬಂತೆ ಮುಂದುವರಿದುವು. ಕಪ್ಪುಗಂದು ರೆಕ್ಕೆ, ಅದರ ಮೇಲೆ ನೀಲಿ ಕಲಸಿದ ಸುಣ್ಣದಲ್ಲಿ ಎಳೆದಂತಹ ಗೆರೆಗಳು, ಇಟ್ಟಂತಹ ಬೊಟ್ಟುಗಳು.

ಮೂಡಲಿಗೆ ಹೋಗುವ ಚಿಟ್ಟೆಗಳು! ಅರುವತ್ತು ವರ್ಷಗಳ ಹಿಂದೆ, ಈ ನಿಲ್ದಾಣಕ್ಕೆ ಕೂಗಳತೆಯ ದೂರದಲ್ಲಿ, ಚಡ್ಡಿಯ ಜೇಬಿನಲ್ಲಿ ಸೀಸದ ಕಡ್ಡಿಯನ್ನಿಟ್ಟುಕೊಂಡು ನಾನು ಹತ್ತು ದಿನ ಎಣಿಸಿದ್ದ ಚಿಟ್ಟೆಗಳು. ಹತ್ತು ದಿನ ಎಣಿಸಿದ್ದ ಎಂಬ ಮಾತು ಪೂರ್ತಿಯಾಗಿ ನಿಜವಲ್ಲ; ಅದನ್ನು ಹೇಳಿಕೊಳ್ಳುವುದಕ್ಕಾಗಿಯೇ ಈ ಬರಹ.

ಬಂದ ರೈಲು ಹೋಯಿತು. ಅದರ ಹಿಂದಿನದೂ ಹೋಯಿತು. ಹಳದಿ ಗೆರೆಯ ಬಳಿ ಪೀಪಿ ಊದುತ್ತಿದ್ದ ಕಾವಲಿನ ಹುಡುಗಿ ಹತ್ತಿರ ಬಂದು, “ಎರಡು ಟ್ರೈನ್ ಬಿಟ್ರಲ್ಲಾ ತಾತ, ಯಾರಿಗಾದ್ರೂ ಕಾಯ್ತಿದ್ದೀರಾ?” ಎಂದು ಕೇಳಿದಳು. ಹೌದೆಂದೆ. ಈ ಊರಿನಲ್ಲಿ ರೈಲುಹಾದಿಯ ಪಕ್ಕ ನಿಂತು ‘ತಾತ’ ಎನ್ನಿಸಿಕೊಂಡವರಲ್ಲಿ ನಾನು ಮೊದಲಿಗನಲ್ಲ.

ಈ ವರ್ಷದ ಪಂಚಾಂಗ ಶ್ರವಣದಲ್ಲಿ ಪುರೋಹಿತರು ‘ವಿಶ್ವಾವಸುನಾಮ ಸಂವತ್ಸರ’ ಎಂದಾಗ, ಆ ಹೆಸರನ್ನು ಹಿಂದೆ ಎಲ್ಲಿಯೋ ಕೇಳಿದ್ದೇನಲ್ಲಾ ಎನ್ನಿಸಿದ್ದಿತು. ಸಂವತ್ಸರಗಳ ಚಕ್ರ ಒಂದು ಸುತ್ತು ಬರಲು ಅರುವತ್ತು ವರ್ಷ. ಹಿಂದಿನ ವಿಶ್ವಾವಸು 1965. ಆಗ ನನಗೆ ಹನ್ನೆರಡು. ಆ ಕಾಲದಲ್ಲಿ ಕೃಷ್ಣರಾಜಪುರವು ಬೆಂಗಳೂರಲ್ಲ. ‘ಬೆಂಗಳೂರಿಗೆ ಹೋಗಿಬರುತ್ತೇನೆ’ ಎಂದು ಹೇಳಿ, ಬುತ್ತಿ ಕಟ್ಟಿಕೊಂಡು ಹೊರಡಬೇಕಾಗಿದ್ದ ಊರು. ರಾಗಿಯ ಹೊಲ, ದ್ರಾಕ್ಷಿಯ ಚಪ್ಪರ, ಗಾಳಿಗೆ ಸುಯ್ಯೆನ್ನುವ ಸರ್ವೆಯ ತೋಪು, ಕೆರೆಯ ಏರಿ, ಮದರಾಸಿನ ರಸ್ತೆಯ ಇಕ್ಕೆಲಗಳ ಹುಣಿಸೆ ಮರಗಳು, ಇವೇ ಊರು. 1948ರಲ್ಲಿ ಸ್ಥಾಪನೆಯಾದ ದೂರವಾಣಿ ಕಾರ್ಖಾನೆಯ ಕೂಗು ದಿನಕ್ಕೆ ಇಷ್ಟು ಸಲವೆಂದು ಮೊಳಗಿ, ಗಡಿಯಾರವಿಲ್ಲದ ಮನೆಗಳಿಗೆ ಗಡಿಯಾರವಾಗಿದ್ದಿತು. ನನ್ನ ತಂದೆ ಅಲ್ಲಿಯೇ ಕೆಲಸಕ್ಕಿದ್ದರು. ದೂರವಾಣಿನಗರದ ವಸತಿಗೆ ಹೋಗಬಹುದಾಗಿದ್ದರೂ, ಎರಡು ಹಸುಗಳನ್ನು ಬಿಟ್ಟು ಬರುವುದಕ್ಕೆ ಅಜ್ಜಿ ಒಪ್ಪದ ಕಾರಣ ನಾವು ಊರಿನಲ್ಲಿಯೇ ಉಳಿದಿದ್ದೆವು. ಆ ಹಸುಗಳಿಗೆ ನಾನು ಋಣಿ. ಅವು ಇಲ್ಲದಿದ್ದರೆ ರೈಲ್ವೆ ಗೇಟಿನ ಪಕ್ಕದ ಹುಲ್ಲಿಗೂ, ಹುಲ್ಲಿನಿಂದ ಗೇಟಿನ ತಾತನಿಗೂ ನನಗೆ ಪರಿಚಯವಾಗುತ್ತಿರಲಿಲ್ಲ.

ಇಂದು ತೂಗುಸೇತುವೆ ತನ್ನ ತಂತಿಗಳನ್ನು ಬಿಗಿದುಕೊಂಡು ನಿಂತಿದೆಯಲ್ಲ, ಆ ಆಸುಪಾಸಿನಲ್ಲಿ ಗೇಟು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿನ ದಂಡಿಗೆ ಮೊದಲ ರೈಲು ಬಂದ ಹಾದಿಯೇ ಅದು. ಗೇಟಿನ ಬಳಿ ಒಂದು ಕೋಣೆಯ ಮನೆ, ಮನೆಯ ಮುಂದೆ ಹೊಂಗೆಯ ಮರ, ಮರದ ಬುಡದಲ್ಲಿ ನೀರಿನ ಮಡಕೆ, ಗೂಟಕ್ಕೆ ಕಟ್ಟಿದ ಒಂದು ಮೇಕೆ. ಯುಗಾದಿಯ ಹೊತ್ತಿಗೆ ಹೊಂಗೆಯು ಹಳೆಯ ಎಲೆಯನ್ನೆಲ್ಲ ಉದುರಿಸಿ, ಕಣ್ಣು ಕೋರೈಸುವ ಎಳೆಹಸಿರನ್ನುಟ್ಟು, ಅಕ್ಕಿಯ ಅರಳಿನಂತಹ ಹೂವನ್ನು ನೆಲದ ತುಂಬ ಚೆಲ್ಲುತ್ತಿದ್ದಿತು. ತಾತ ತಿರುಗಣೆಯನ್ನು ತಿರುವಿ ಗೇಟನ್ನು ಇಳಿಸುತ್ತಿದ್ದ. ಹಸುರು ಬಾವುಟವನ್ನು ಹಿಡಿದು ನಿಲ್ಲುತ್ತಿದ್ದ. ರೈಲು ಹೋದ ಮೇಲೆ, ಅದನ್ನು ತಾನೇ ಕಳುಹಿಸಿಕೊಟ್ಟೆನೆಂಬ ಗಾಂಭೀರ್ಯದಿಂದ ಬೀಡಿ ಹಚ್ಚುತ್ತಿದ್ದ. ಕೋಲಾರದ ಕಡೆಯ ಗಾಡಿಯವರೊಡನೆ ಅವನದು ತೆಲುಗು, ನಿಲ್ದಾಣದ ಆಳುಗಳೊಡನೆ ತಮಿಳು, ಜಟಕಾದ ಸಾಬರೊಡನೆ ಉರ್ದು, ನಮ್ಮೊಡನೆ ಕನ್ನಡ. ನಾಲ್ಕರಲ್ಲಿ ಯಾವುದು ಅವನ ಮನೆಮಾತೆಂಬುದು ನಮಗೆ ಕೊನೆಯವರೆಗೂ ತಿಳಿಯಲಿಲ್ಲ. ಆದುದರಿಂದ ಚಿಟ್ಟೆಗಳು ಆ ಗೇಟನ್ನು ದಾಟುವಾಗ ಒಬ್ಬರಿಗೆ ಸೀತಾಕೋಕ ಚಿಲುಕಗಳಾಗಿ, ಒಬ್ಬರಿಗೆ ಪಟ್ಟಾಂಪೂಚ್ಚಿಗಳಾಗಿ, ಇನ್ನೊಬ್ಬರಿಗೆ ತಿತ್ಲಿಗಳಾಗಿ ದಾಟುತ್ತಿದ್ದುವು. ಬೇಂದ್ರೆಯವರ ‘ಪಾತರಗಿತ್ತಿ’ಯನ್ನು ನಾವು ಶಾಲೆಯಲ್ಲಿ ಕಲಿತು ಬಂದು ಅವನಿಗೆ ಹಾಡಿ ತೋರಿಸಿದಾಗ, ಪದವನ್ನು ಮೆಚ್ಚಿಕೊಂಡು, “ಇದ್ಯಾವ ಸೀಮೆ ಚಿಟ್ಟೇಲಾ?” ಎಂದು ಕೇಳಿದ್ದ.

“ಇವೆಲ್ಲ ಎಲ್ಲಿಗೆ ಹೋಗ್ತವೆ ತಾತ?” ಎಂದು ಮೊದಲ ಸಲ ಕೇಳಿದಾಗ ನನಗೆ ಎಂಟೋ ಒಂಬತ್ತೋ ವಯಸ್ಸು. ಅವನು ಉತ್ತರವನ್ನು ಹುಡುಕಲಿಲ್ಲ.

“ತಿರುಪತಿಗೆ ಕಣ್ ಮಗಾ. ವರ್ಸಾ ವರ್ಸಾ ಹೋಗ್ತವೆ.”

“ವಾಪಸ್ ಬರಲ್ವಾ?”

“ಬರ್ತವೆ, ದೀಪಾವಳಿ ಹೊತ್ಗೆ. ಆಗ ನೋಡು, ರೆಕ್ಕೆ ಬಣ್ಣ ಮಾಸಿರ್ತದೆ. ಮುಡಿ ಕೊಟ್ಟಿರ್ತವಲ್ಲ.”

ಇದರ ಜೊತೆಗೆ ಅವನಿಗೆ ಒಂದು ಶಾಸ್ತ್ರವೂ ಇದ್ದಿತು. ಚಿಟ್ಟೆಗಳು ಮೂಡಲಿಗೆ ಹೊರಟ ತಿಂಗಳೊಪ್ಪತ್ತಿಗೆ ಮುಂಗಾರು ಹಿಡಿಯುತ್ತದೆ. ಹೆಚ್ಚು ಚಿಟ್ಟೆ ಹೋದರೆ ಹೆಚ್ಚು ಮಳೆ. ಸುತ್ತಲಿನ ರೈತರು ಗೇಟು ತೆರೆಯುವುದನ್ನು ಕಾಯುತ್ತ ನಿಂತಾಗ ಇದನ್ನು ಕೇಳಿಕೊಂಡು ಹೋಗುವುದಿತ್ತು. ಅವನ ಮಾತು ಎಷ್ಟು ಸಲ ನಿಜವಾಯಿತೆಂಬುದಕ್ಕೆ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ; ನಿಜವಾದ ವರ್ಷಗಳನ್ನು ಊರು ನೆನಪಿನಲ್ಲಿಟ್ಟುಕೊಂಡು, ಸುಳ್ಳಾದುವನ್ನು ಮರೆತಿದ್ದಿತು ಎಂದು ಈಗ ಅನ್ನಿಸುತ್ತದೆ. ಎಲ್ಲ ಊರಿನ ಎಲ್ಲ ಶಕುನಗಳ ಆಯುಷ್ಯವೂ ಹಾಗೆಯೇ ತಾನೆ ಬೆಳೆಯುವುದು?

ತಾತನನ್ನು ನಾನು ಜೀವಮಾನವೆಲ್ಲ ನೆನೆದಿದ್ದೇನೆ. ಮಕ್ಕಳಿಗೆ, ಮೊಮ್ಮಕ್ಕಳಿಗೆ ಅವನ ಕತೆ ಹೇಳಿದ್ದೇನೆ. ಆದರೆ ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಅವನ ಹೆಂಡತಿ, ಮಧ್ಯಾಹ್ನ ಮುದ್ದೆಯ ತಟ್ಟೆಯನ್ನು ತಂದು ಅವನ ಮುಂದಿಟ್ಟು, ಅವನು ಸಾರು ಸಪ್ಪೆಯೆಂದು ಎಲ್ಲರ ಎದುರಿಗೇ ಗದರಿಕೊಳ್ಳುವುದನ್ನು ಕೇಳಿಸಿಕೊಂಡು, ಮಾತಿಲ್ಲದೆ ಒಳಗೆ ಹೋಗುತ್ತಿದ್ದ ಹೆಂಗಸು. ಆಕೆಯ ಹೆಸರನ್ನು ನಾನು ಒಂದು ದಿನವೂ ಕೇಳಲಿಲ್ಲ. ಮನೆಯ ಹಿಂದಿನ ಬೇಲಿಯಲ್ಲಿ ಗಿಲಿಗಿಲಿ ಗಿಡ ಬೆಳೆದಿದ್ದಿತು. ಒಣಗಿದ ಕಾಯಿಯನ್ನು ಅಲ್ಲಾಡಿಸಿದರೆ ಒಳಗಿನ ಬೀಜ ಗೆಜ್ಜೆಯಂತೆ ಸದ್ದು ಮಾಡುತ್ತಿದ್ದುದರಿಂದ ನಾವಿಟ್ಟ ಹೆಸರು ಅದು. ಒಂದು ದಿನ ಮೇಕೆಗೆ ಸೊಪ್ಪು ಕೀಳುತ್ತಿದ್ದವಳು ನನ್ನನ್ನು ಕೈಸನ್ನೆಯಿಂದ ಕರೆದು, “ನೋಡಪ್ಪ, ಹೂವು ಬಿಟ್ಟು ಬಂದು ಈ ಒಣಕಡ್ಡಿಗೆ ಅಂಟ್ಕೊಂಡವೆ. ಇದ್ರಾಗೆ ಏನೋ ಇದೆ” ಎಂದಳು. ನೋಡಿದರೆ, ಮುರಿದು ಬಾಡಿದ್ದ ಕೊಂಬೆಯ ತುಂಬ ಆ ಕಪ್ಪು ಚಿಟ್ಟೆಗಳೇ. ಒಂದರ ಮೇಲೊಂದು ಹತ್ತಿ, ಸೊಂಡಿಲನ್ನು ಇಳಿಬಿಟ್ಟು, ನಾವು ಹತ್ತಿರ ಹೋದರೂ ಏಳದೆ, ಅಮಲೇರಿದಂತೆ ಕುಳಿತಿದ್ದುವು. ಬಹಳ ವರ್ಷಗಳ ಮೇಲೆ ನಾನು ಪುಸ್ತಕದಲ್ಲಿ ಓದಿದ್ದೆಂದರೆ, ಈ ಜಾತಿಯ ಗಂಡುಚಿಟ್ಟೆಗಳು ಬಾಡಿದ ಗಿಲಿಗಿಲಿ ಗಿಡದಿಂದಲೂ ಚೇಳುಬಾಲದ ಗಿಡದಿಂದಲೂ ಒಂದು ಬಗೆಯ ಕ್ಷಾರಸತ್ತ್ವವನ್ನು ಹೀರುತ್ತವೆ. ಹೆಣ್ಣನ್ನು ಆಕರ್ಷಿಸುವ ಗಂಧ ಅವಕ್ಕೆ ಅದರಿಂದಲೇ ಸಿದ್ಧಿಸುತ್ತದೆ. ಹಕ್ಕಿಗಳ ಬಾಯಿಗೆ ಅವು ಕಹಿಯಾಗುವುದಕ್ಕೂ ಅದು ಒದಗುತ್ತದೆ. ತಾತ ಹೇಳಿದ ಮಳೆಯ ಶಾಸ್ತ್ರ ಊರಿಗೆಲ್ಲ ಗೊತ್ತಿದ್ದಿತು, ಮುದುಕಿ ಹೇಳಿದ ಈ ಮಾತು ನನ್ನೊಬ್ಬನಿಗೆ. ಎರಡರಲ್ಲಿ ಕಾಲದ ಪರೀಕ್ಷೆಯನ್ನು ಗೆದ್ದುದು ಆಕೆಯದು.

ಇನ್ನು ಮೇಷ್ಟರು. ಹಲಸೂರಿನಿಂದ ಬೈಸಿಕಲ್ಲಿನಲ್ಲಿ ಬರುತ್ತಿದ್ದ ವಿಜ್ಞಾನದ ಉಪಾಧ್ಯಾಯರು. ಖಾದಿಯ ಜುಬ್ಬ, ಎಡಗೈಗೆ ಚರ್ಮದ ಪಟ್ಟಿಯ ಕೈಗಡಿಯಾರ, ಕಾಲಿಗೆ ಪಂಚೆ ಸರಪಣಿಗೆ ಸಿಕ್ಕದಂತೆ ಕಟ್ಟಿದ ದಾರ. ನಾನು ಒಂದು ದಿನ ತರಗತಿಯಲ್ಲಿ ಎದ್ದು, ಗೇಟಿನ ಹತ್ತಿರ ಕೋಟ್ಯಂತರ ಚಿಟ್ಟೆಗಳು ಹೋಗುತ್ತಿವೆ ಸಾರ್ ಎಂದೆ. ಅವರು ನಗಲಿಲ್ಲ. “ಕೋಟಿ ಅಂದರೆ ಎಷ್ಟು ಸೊನ್ನೆ?” ಎಂದು ಕೇಳಿದರು, ಹೇಳಿದೆ. “ಎಣಿಸಿದೆಯಾ?” ಎಂದರು, ಇಲ್ಲವೆಂದೆ. “ಹಾಗಾದರೆ ಬಹಳ ಅನ್ನು. ಬಹಳ ಎನ್ನುವುದಕ್ಕೆ ಎಣಿಸಬೇಕಾಗಿಲ್ಲ, ಕೋಟಿ ಎನ್ನುವುದಕ್ಕೆ ಎಣಿಸಬೇಕು.”

ಪರೀಕ್ಷೆ ಮುಗಿದ ದಿನ ಅವರು ನನ್ನನ್ನು ಕರೆದುಕೊಂಡು ಗೇಟಿಗೆ ಬಂದರು. ಹಾದಿಯ ಪಕ್ಕದ ಎರಡು ತಂತಿಕಂಬಗಳನ್ನು ಆರಿಸಿ, ನಡುವಣ ದೂರವನ್ನು ಹೆಜ್ಜೆಯಲ್ಲಿ ಅಳೆದು, ಸುಮಾರು ಅರುವತ್ತು ಗಜವೆಂದು ಬರೆಸಿದರು. ಬೆಳಗಿನ ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು ಗಂಟೆಗೆ ತಲಾ ಹತ್ತು ನಿಮಿಷ, ಆ ಎರಡು ಕಂಬಗಳ ನಡುವೆ ಮೂಡಲಿಗೆ ದಾಟಿದ ಚಿಟ್ಟೆಗಳನ್ನು ಮಾತ್ರ ಎಣಿಸಬೇಕು. ಪಡುವಲಿಗೆ ಹೋದುವನ್ನು ಬೇರೆ ಬರೆಯಬೇಕು. ಮೋಡವಿದೆಯೆ, ಗಾಳಿ ಯಾವ ಕಡೆಯದು ಎಂಬುದನ್ನೂ ಬರೆಯಬೇಕು. ಹತ್ತು ದಿನ, ದಿನಕ್ಕೆ ಐದರಂತೆ ಐವತ್ತು ಮನೆಗಳು. “ಒಂದೂ ಬರದಿದ್ದರೆ ಸೊನ್ನೆ ಬರೆ. ಮನೆಯನ್ನು ಖಾಲಿ ಬಿಡಬೇಡ, ಸೊನ್ನೆಯೂ ಒಂದು ಸಂಖ್ಯೆಯೇ ಕಣಯ್ಯಾ” ಎಂದು ಹೇಳಿ, ತಮ್ಮ ಕೈಗಡಿಯಾರವನ್ನು ಬಿಚ್ಚಿ ನನ್ನ ಕೈಗೆ ಕಟ್ಟಿದರು. ಕೊನೆಯ ತೂತಿಗೆ ಹಾಕಿದರೂ ಅದು ಮೊಣಕೈಯವರೆಗೆ ಜಾರುತ್ತಿದ್ದಿತು.

ಮೊದಲ ಎರಡು ದಿನ ನಾನು ನಿಜವಾಗಿಯೂ ಎಣಿಸಿದೆ. ಹೊಂಗೆಯ ನೆರಳಿನಲ್ಲಿ ಕಂಬದಿಂದ ಕಂಬಕ್ಕೆ ಕಣ್ಣು ನೆಟ್ಟು ಕುಳಿತ ಆ ಹತ್ತು ಹತ್ತು ನಿಮಿಷಗಳಷ್ಟು ದೀರ್ಘವಾದ ಕಾಲವನ್ನು ನಾನು ಆಮೇಲೆ ಅನುಭವಿಸಿದ್ದು ಆಸ್ಪತ್ರೆಗಳ ಬಾಗಿಲಿನಲ್ಲಿ ಮಾತ್ರ. ಎಣಿಸುವವನಿಗೆ ಚಿಟ್ಟೆ ಬೇರೆಯಾಗಿ ಕಾಣುತ್ತದೆ. ಅದುವರೆಗೆ ಒಂದೇ ಜಾತಿಯೆಂದುಕೊಂಡಿದ್ದುದರಲ್ಲಿ, ನೀಲಿ ಗೆರೆಯುಳ್ಳವು ಕೆಲವು, ಅಂಚಿನಲ್ಲಿ ಬಿಳಿ ಚುಕ್ಕೆಯುಳ್ಳ ಬರಿಯ ಕಂದುಬಣ್ಣದವು ಕೆಲವು ಎಂದು ಗೊತ್ತಾಯಿತು. ಅವು ಹಿಂಡಾಗಿ ಹೋಗುವುದಿಲ್ಲ; ಒಂದು ಹೋಗುತ್ತದೆ, ಉಸಿರು ಬಿಡುವಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಮೂರು ಒಟ್ಟಿಗೆ; ಒಂದರ ದಾರಿ ಇನ್ನೊಂದಕ್ಕೆ ತಿಳಿದಿರುವಂತೆ ಕಾಣುವುದಿಲ್ಲವಾದರೂ ಎಲ್ಲವೂ ಅದೇ ದಾರಿಯಲ್ಲಿ. ಗೂಡ್ಸ್ ಬಂಡಿ ಅಡ್ಡ ನಿಂತರೆ ಡಬ್ಬಿಯನ್ನು ಹತ್ತಿ ಇಳಿಯುತ್ತವೆ. ಹಿಂದಿನ ವರ್ಷವಷ್ಟೇ ಶುರುವಾಗಿದ್ದ ಬೃಂದಾವನ ಎಕ್ಸ್‌ಪ್ರೆಸ್ ಮದರಾಸಿನಿಂದ ಬರುವ ಮಧ್ಯಾಹ್ನದ ಹೊತ್ತಿಗೆ ಅದರ ಗಾಳಿಗೆ ಸಿಕ್ಕಿ ತರಗೆಲೆಯಂತೆ ಚದುರಿ, ಕೆಲವು ಜಲ್ಲಿಕಲ್ಲಿನ ಮೇಲೆ ಬಿದ್ದು, ಬದುಕಿದ್ದುವು ಕೊಡವಿಕೊಂಡು ಎದ್ದು ಮತ್ತೆ ಮೂಡಲಿಗೇ ಹೊರಡುತ್ತಿದ್ದುವು. ಮೊದಲ ದಿನದ ಅಂಕಿಗಳು 7, 31, 64, 12, 0. ಎರಡನೆಯ ದಿನ ಬೆಳಗ್ಗೆ ಮೋಡ. 0, 0, 3, 18, 9.

ಮೂರನೆಯ ದಿನ ಏನಾಯಿತೆಂದರೆ, ಏನೂ ಆಗಲಿಲ್ಲ. ಓರಗೆಯ ಹುಡುಗರು ಕೆರೆಗೆ ಈಜಲು ಹೊರಟರು. ಮೇಷ್ಟರ ಗಡಿಯಾರ ನೆನೆಯಬಾರದೆಂದು ಅದನ್ನು ಬಿಚ್ಚಿ ತಾತನ ಮನೆಯ ಗೂಡಿನಲ್ಲಿಟ್ಟು ನಾನೂ ಹೋದೆ. ಸಂಜೆ ಬಂದು ಐದು ಮನೆಗಳನ್ನು ತುಂಬಿದೆ. ಮಾರನೆಯ ದಿನ ಮಾವಿನ ತೋಪು. ಅದರ ಮಾರನೆಯ ದಿನ ಬುಗುರಿ. ಸುಳ್ಳು ಬರೆಯುವವನಿಗೆ ಜಿಪುಣತನ ಏಕೆ? ಸೊನ್ನೆಯನ್ನು ಬರೆಯಲು ಕೈ ಬರಲಿಲ್ಲ. ಮೂರು, ಏಳು, ಹನ್ನೆರಡುಗಳು ಅವಮಾನಕರವಾಗಿ ಕಂಡುವು. ನೂರಿಪ್ಪತ್ತು, ನೂರೈವತ್ತು, ನೂರಾ ಎಂಬತ್ತು ಎಂದು ದಿನದಿನಕ್ಕೆ ಏರಿಸುತ್ತ ಹೋಗಿ, ಕೊನೆಗೆ ಸಂಪ್ರದಾಯವೆಂಬಂತೆ ಒಂದಿಷ್ಟು ಇಳಿಸಿ ಪುಸ್ತಕವನ್ನು ಒಪ್ಪಿಸಿದೆ.

ಮೇಷ್ಟರು ಅದನ್ನು ನಂಬಿ ಗುಣಾಕಾರ ಮಾಡಿದರು. ಹತ್ತು ನಿಮಿಷವನ್ನು ಗಂಟೆಗೆ ಏರಿಸಲು ಆರರಿಂದ, ಅರುವತ್ತು ಗಜವನ್ನು ಮೈಲಿಗೆ ಏರಿಸಲು ಮೂವತ್ತರಿಂದ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಗೋಡೆ ಪತ್ರಿಕೆಯಲ್ಲಿ ಅವರ ಮುದ್ದಾದ ಅಕ್ಷರದಲ್ಲಿ ಶೀರ್ಷಿಕೆ ಇದ್ದಿತು: ‘ಕೃಷ್ಣರಾಜಪುರದ ಮೇಲೆ ಹನ್ನೊಂದು ಲಕ್ಷ ಚಿಟ್ಟೆಗಳು’. ಕೆಳಗೆ ನನ್ನ ಹೆಸರು. ಸುದ್ದಿ ಗೇಟಿಗೆ ತಲುಪಿತು. ತಾತ ಕಣ್ಣರಳಿಸಿ, “ಹನ್ನೊಂದು ಲಕ್ಸವಾ! ತಿಮ್ಮಪ್ಪನ ಬೆಟ್ಟ ಹಿಡೀತದೇನ್ಲಾ?” ಎಂದು ಬೆರಗುಪಟ್ಟವನು, ಅಷ್ಟಕ್ಕೇ ಬಿಡದೆ, ಗೇಟಿನ ಬಳಿ ನಿಂತ ಗಾಡಿಗಾಡಿಗೂ ಈ ಸಲ ಕೆರೆ ಕೋಡಿ ಬೀಳುವುದು ಖಂಡಿತ, ಮೇಷ್ಟರೇ ಲೆಕ್ಕ ಹಾಕಿದ್ದಾರೆ ಎಂದು ಸಾರತೊಡಗಿದ. 1965ರ ಮುಂಗಾರು ಹೇಗಿದ್ದಿತೆಂಬುದನ್ನು ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ದೇಶಕ್ಕೆ ದೇಶವೇ ಬರಗಾಲಕ್ಕೆ ಸಿಕ್ಕಿದ ವರ್ಷ ಅದು. ನಮ್ಮ ಕೆರೆ ಕೋಡಿ ಬೀಳುವುದಿರಲಿ, ಶ್ರಾವಣದಲ್ಲಿ ಅದರ ಅಂಗಳ ಬಿರುಕುಬಿಟ್ಟಿದ್ದಿತು. ತಾತನ ಮಾತನ್ನು ನಂಬಿ ಯಾರಾದರೂ ಬಿತ್ತನೆಯ ರಾಗಿಯನ್ನು ಕೊಂಡು ಕೆಟ್ಟರೋ ನಾನರಿಯೆ. ಆ ವರ್ಷದ ಮೇಲೆ ಗಾಡಿಯವರು ಅವನನ್ನು ಮಳೆಯ ವಿಷಯ ಕೇಳುವುದನ್ನು ಬಿಟ್ಟರೆಂಬುದನ್ನು ಮಾತ್ರ ಬಲ್ಲೆ. ಅವನಿಗೆ ಅದು ಸಣ್ಣ ನಷ್ಟವಾಗಿರಲಿಲ್ಲ. ನಾನು ಹಸುಗಳನ್ನು ಬೇರೆ ಕಡೆ ಮೇಯಿಸಲು ಹೊಡೆದುಕೊಂಡು ಹೋಗತೊಡಗಿದೆ.

ವಿಧಿಯ ವಿನೋದವೆಂದರೆ, ಮುಂದೆ ನಾನು ಹೊಟ್ಟೆ ಹೊರೆದದ್ದು ಲೆಕ್ಕ ತಪಾಸಣೆಯಲ್ಲಿ. ಮೂವತ್ತನಾಲ್ಕು ವರ್ಷ ಇತರರು ಬರೆದ ಅಂಕಿಗಳ ಮೇಲೆ ಹಸುರು ಸೀಸದ ಕಡ್ಡಿಯಿಂದ ಗುರುತು ಹಾಕಿದೆ. ಕುಳಿತಲ್ಲಿಯೇ ಬರೆದ ಅಂಕಿಗೂ ನಡೆದುಹೋಗಿ ಅಳೆದು ಬಂದ ಅಂಕಿಗೂ ಇರುವ ವ್ಯತ್ಯಾಸವನ್ನು ಗುರುತಿಸುವುದರಲ್ಲಿ ಕಚೇರಿಯಲ್ಲಿ ನನಗೆ ಹೆಸರಿದ್ದಿತು. ಸುಳ್ಳಿನ ಅಂಕಿ ಐದರಲ್ಲಿಯೋ ಸೊನ್ನೆಯಲ್ಲಿಯೋ ಮುಗಿಯುತ್ತದೆ. ಮೆಟ್ಟಿಲು ಹತ್ತಿದಂತೆ ಕ್ರಮವಾಗಿ ಏರುತ್ತದೆ. ಎಂದೂ ಕಾಯಿಲೆ ಬೀಳುವುದಿಲ್ಲ, ರಜಾ ಕೇಳುವುದಿಲ್ಲ. ನಿಜವಾದ ಅಂಕಿಗೆ ಮರ್ಯಾದೆಯಿಲ್ಲ. ಅರುವತ್ತನಾಲ್ಕರ ಪಕ್ಕದಲ್ಲಿ ಹನ್ನೆರಡು, ಹನ್ನೆರಡರ ಪಕ್ಕದಲ್ಲಿ ಸೊನ್ನೆಯಾಗಿ ಎಲ್ಲೆಂದರಲ್ಲಿ ಕುಳಿತುಬಿಡುತ್ತದೆ. ಈ ಜ್ಞಾನವು ನನಗೆ ಎಲ್ಲಿಂದ ಬಂದಿತೆಂದು ಕಿರಿಯ ಸಹೋದ್ಯೋಗಿಗಳು ಕೇಳುತ್ತಿದ್ದರು.

ನಿವೃತ್ತನಾದ ಮೇಲೆ ಚಿಟ್ಟೆಗಳ ವಿಷಯ ಓದತೊಡಗಿದೆ. ನೀಲಿ ಗೆರೆಯುಳ್ಳವು ಡಾರ್ಕ್ ಬ್ಲೂ ಟೈಗರ್ ಮತ್ತು ಬ್ಲೂ ಟೈಗರ್. ಕಂದುಬಣ್ಣದವು ಕ್ರೋ ಎಂಬ ಎರಡು ಜಾತಿಯವು. ನೈಋತ್ಯ ಮಾರುತದ ಜಡಿಮಳೆ ಪಶ್ಚಿಮಘಟ್ಟವನ್ನು ಹಿಡಿಯುವ ಮುನ್ನ ಇವು ಘಟ್ಟವನ್ನು ಬಿಟ್ಟು ಪೂರ್ವದ ಬಯಲಿಗೂ ಪೂರ್ವಘಟ್ಟದ ಬೆಟ್ಟಗಳಿಗೂ ಹೋಗುತ್ತವೆ. ಅಕ್ಟೋಬರ್-ನವೆಂಬರ್ ಸುಮಾರಿಗೆ ಅವೋ ಅವುಗಳ ಸಂತತಿಯೋ ಹಿಂದಿರುಗುತ್ತವೆ. ಆ ಪಯಣದ ದಾರಿಯಲ್ಲಿ ನಮ್ಮ ಊರು ಒಂದು ಗೇಟು. ಕೋಡೈಕನಾಲಿನ ವೀಕ್ಷಣಾಲಯದಲ್ಲಿ ಸೂರ್ಯನನ್ನು ನೋಡುತ್ತಿದ್ದ ಜಾನ್ ಎವರ್‌ಶೆಡ್ ದೂರದರ್ಶಕದಿಂದ ಕಣ್ಣು ತೆಗೆದ ಹೊತ್ತಿನಲ್ಲಿ ದಕ್ಷಿಣದ ಈ ವಲಸೆಯನ್ನು ಗಮನಿಸಿ 1910ರಲ್ಲಿಯೇ ಟಿಪ್ಪಣಿ ಬರೆದಿದ್ದರು. ಸಿ.ಬಿ. ವಿಲಿಯಮ್ಸ್ 1930ರಲ್ಲಿ ಜಗತ್ತಿನ ಚಿಟ್ಟೆಗಳ ವಲಸೆಯ ಬಗ್ಗೆ ದೊಡ್ಡ ಗ್ರಂಥವನ್ನೇ ತಂದರು. ಕೃಷ್ಣಮೇಘ ಕುಂಟೆಯವರು 2005ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ಪತ್ರಿಕೆಯಲ್ಲಿ ಈ ವಲಸೆಯಲ್ಲಿ ಯಾವ ಜಾತಿ ಎಷ್ಟು, ಗಂಡೆಷ್ಟು ಹೆಣ್ಣೆಷ್ಟು ಎಂಬುದನ್ನು ಎಣಿಸಿ ಪ್ರಕಟಿಸಿದರು. ಎಣಿಸಿ ಎಂಬ ಮಾತಿಗೆ ಬಂದಾಗ ನಾನು ಪುಟವನ್ನು ತಿರುವಿದೆನೆಂದು ಬೇರೆ ಹೇಳಬೇಕೆ? ಆದರೆ ತಾತನಿಗೆ ಹೇಳಬೇಕೆನ್ನಿಸಿದ ವಿಷಯವೊಂದು ಆ ಓದಿನಲ್ಲಿ ಸಿಕ್ಕಿತು. ನೀಲಿ ಗೆರೆಯ ಆ ಕುಲಕ್ಕೆ 1880ರಲ್ಲಿ ಫ್ರೆಡರಿಕ್ ಮೂರ್ ಎಂಬ ಆಂಗ್ಲ ವಿದ್ವಾಂಸ ಇಟ್ಟ ಶಾಸ್ತ್ರೀಯ ನಾಮ ‘ತಿರುಮಲ’.

ಕಳೆದ ವರ್ಷ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಏರಿಯ ಮೇಲೆ ಒಬ್ಬ ಹುಡುಗನ ಪರಿಚಯವಾಯಿತು. ವಾರದಲ್ಲಿ ಐದು ದಿನ ವೈಟ್‌ಫೀಲ್ಡಿನಲ್ಲಿ ಕಂಪ್ಯೂಟರಿನ ಮುಂದೆ, ಭಾನುವಾರ ಕೆರೆಯ ಏರಿಯ ಮೇಲೆ ಚಿಟ್ಟೆ ಎಣಿಸುವ ಕೆಲಸ. ಸಂಬಳವಿಲ್ಲದ ಈ ಎರಡನೆಯ ಉದ್ಯೋಗದ ಬಗ್ಗೆ ಅವನಿಗೆ ಹೆಚ್ಚು ಅಭಿಮಾನ. “ನೀವು ಇಲ್ಲೇ ಹುಟ್ಟಿ ಬೆಳೆದವ್ರಲ್ವಾ ಅಂಕಲ್, ಆಗ ಎಷ್ಟಿರ್ತಿದ್ವು?” ಎಂದು ಕೇಳಿದ. ಐವತ್ತೊಂಬತ್ತು ವರ್ಷ ಕಳೆದಿದ್ದರೂ, ವೃತ್ತಿಯಿಡೀ ಸುಳ್ಳು ಅಂಕಿಗಳನ್ನು ಬೇಟೆಯಾಡಿದ್ದರೂ, ನನ್ನ ಬಾಯಿ ಕ್ಷಣವೂ ತಡವರಿಸದೆ “ಹತ್ತು ದಿನಕ್ಕೆ ಹನ್ನೊಂದು ಲಕ್ಷ. ಎಣಿಸಿ ಬರೆದ ಪುಸ್ತಕವೇ ಇದೆ” ಎಂದಿತು. ಅವನು ಬೆರಗಾಗಿ ಅದನ್ನು ಫೋನಿನಲ್ಲಿ ಬರೆದುಕೊಂಡ. ಆಗಿನ ಕಾಲದಲ್ಲಿ ಎಲ್ಲವೂ ಹೆಚ್ಚಾಗಿದ್ದಿತೆಂದು ಹೇಳುವ ಮುದುಕರ ಸಾಲಿನಲ್ಲಿ ನಾನೂ ನಿಂತಿದ್ದೆ. ಉಳಿದವರ ಬಳಿ ಆಧಾರವಿಲ್ಲ, ನನ್ನ ಬಳಿ ಸೃಷ್ಟಿಸಿದ ಆಧಾರವಿದ್ದಿತು ಎಂಬುದಷ್ಟೇ ಭೇದ.

ಆ ಪುಸ್ತಕ ಇರುವುದು ನಿಜ. ಮೇಷ್ಟರು ನಿವೃತ್ತರಾದ ವರ್ಷ ಅದನ್ನು ಹಳೆಯ ವೃತ್ತಪತ್ರಿಕೆಯಲ್ಲಿ ಸುತ್ತಿ ತಂದು, “ನೀನು ಮಾಡಿದ ಕೆಲಸ, ನಿನ್ನ ಹತ್ತಿರವೇ ಇರಲಿ” ಎಂದು ನನ್ನ ಕೈಗಿತ್ತಿದ್ದರು. ಆ ಮಾತನ್ನು ನಾನು ಬಹಳ ಕಾಲ ಹೊಗಳಿಕೆಯೆಂದೇ ಎಣಿಸಿದ್ದೆ. ಮೆಟ್ರೊ ನಿಲ್ದಾಣದಿಂದ, ಅಂದು ವೈದ್ಯರಲ್ಲಿಗೆ ಹೋಗದೆಯೇ, ಮನೆಗೆ ಹಿಂದಿರುಗಿದವನು ಟ್ರಂಕನ್ನು ತೆಗೆದು, ಭೂತಗನ್ನಡಿ ಹಿಡಿದು, ಹಸುರು ಸೀಸದ ಕಡ್ಡಿಯನ್ನು ಹುಡುಕಿಕೊಂಡು, ಹನ್ನೆರಡು ವರ್ಷದ ಒಬ್ಬ ಹುಡುಗನ ಲೆಕ್ಕವನ್ನು ತಪಾಸಣೆಗೆ ಎತ್ತಿಕೊಂಡೆ. ಎರಡು ನಿಮಿಷದ ಕೆಲಸ. ನಲವತ್ತು ಮನೆಗಳಲ್ಲಿ ಒಂದೂ ಸೊನ್ನೆಯಿಲ್ಲ. ಎಲ್ಲವೂ ಐದರ ಗುಣಕಗಳು. ಕೂಡಿದರೆ ಸರಿಯಾಗಿ ಆರು ಸಾವಿರ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಯಾವ ಕಚೇರಿಯ ಯಾವ ಗುಮಾಸ್ತನೂ ಇಷ್ಟು ನಾಚಿಕೆಗೆಟ್ಟ ಮೊತ್ತವನ್ನು ನನ್ನ ಮೇಜಿಗೆ ಕಳುಹಿಸಿರಲಿಲ್ಲ. ಮೊದಲ ಎರಡು ದಿನಗಳ ಹತ್ತು ಮನೆಗಳ ಮೊತ್ತ ನೂರಾ ನಲವತ್ತನಾಲ್ಕು. ಅದೇ ಸರಾಸರಿಯನ್ನು ಹಿಡಿದು ಮೇಷ್ಟರ ಗುಣಾಕಾರವನ್ನು ಮಾಡಿದರೆ ಹತ್ತು ದಿನಕ್ಕೆ, ಒಂದು ಮೈಲಿಯ ಅಗಲದಲ್ಲಿ, ಒಂದು ಲಕ್ಷದ ಇಪ್ಪತ್ತೊಂಬತ್ತು ಸಾವಿರದ ಆರುನೂರು. ಅದೇನು ಕಡಿಮೆಯ ಸಂಖ್ಯೆಯೆ? ಗೋಡೆ ಪತ್ರಿಕೆಗೆ ಅದು ಧಾರಾಳವಾಗಿ ಸಾಕಾಗುತ್ತಿದ್ದಿತು.

ಹಾಗಾದರೆ ಚಿಟ್ಟೆಗಳು ಕಡಿಮೆಯಾಗಿವೆಯೆ ಎಂದು ಕೇಳಿದರೆ ನಾನು ಸಾಕ್ಷಿ ಹೇಳಲು ಯೋಗ್ಯನಲ್ಲ. ಹೇಳಬಲ್ಲುದು ಇಷ್ಟು. ಹೊಂಗೆಯ ಮರವಿಲ್ಲ. ಗೇಟಿಲ್ಲ, 2003ರಲ್ಲಿ ತೂಗುಸೇತುವೆ ತೆರೆಯಿತು. ಮುದುಕಿಯ ಬೇಲಿಯಿದ್ದ ಕಡೆ ಬಸ್ಸುಗಳು ನಿಲ್ಲುತ್ತವೆ. ಗಿಲಿಗಿಲಿ ಗಿಡವನ್ನು ನಾನು ಈ ಊರಿನಲ್ಲಿ ನೋಡಿ ಹತ್ತಾರು ವರ್ಷವಾಯಿತು. ದ್ರಾಕ್ಷಿಯ ಚಪ್ಪರಗಳಿದ್ದ ನೆಲದಲ್ಲಿ ನಾನೇ ಮನೆ ಕಟ್ಟಿಕೊಂಡಿದ್ದೇನಾದ ಕಾರಣ ಅದರ ವಿಷಯದಲ್ಲಿ ನಿಟ್ಟುಸಿರು ಬಿಡುವ ಅಧಿಕಾರ ನನಗಿಲ್ಲ. 2023ರ ಮಾರ್ಚಿಯಲ್ಲಿ ವೈಟ್‌ಫೀಲ್ಡಿನ ಮೆಟ್ರೊ ಬಂದಾಗ ಊರಿನ ಎತ್ತರವೇ ಬದಲಾಯಿತು. ಆದರೆ ಆ ಎತ್ತರ ಇಲ್ಲದಿದ್ದರೆ, ಹಳಿಯ ಮೇಲಿನ ಬಯಲನ್ನು ನೋಡುತ್ತ ನಿಲ್ಲುವುದಕ್ಕೆ ಈಗ ಕೃಷ್ಣರಾಜಪುರದಲ್ಲಿ ಬೇರೆ ಜಾಗವೂ ಉಳಿದಿರಲಿಲ್ಲ.

ಸಂಜೆ ಹುಡುಗನಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದೆ. ಹನ್ನೊಂದು ಲಕ್ಷವನ್ನು ಹೊಡೆದುಹಾಕಬೇಕೆಂದು ಕೇಳಿಕೊಂಡೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೊಡೆದ್ಹಾಕ್ತೀನಿ ಅಂಕಲ್. ಮೊದಲ ಎರಡು ದಿನದ್ದು ನಿಜಾನಾ?” ಎಂದ. ನಿಜವೆಂದೆ. “ಟೈಮು, ಮೋಡ, ಗಾಳಿ ಎಲ್ಲಾ ಬರೆದಿದೀರಾ?” ಬರೆದಿತ್ತು. “ಹಾಗಾದ್ರೆ ಆ ಪೇಜಿನ ಫೋಟೊ ಕಳಿಸಿ. ಅರವತ್ತು ವರ್ಷದ ಹಿಂದಿನ ಒಂದು ಸೊನ್ನೆ ಸಿಕ್ಕಿದ್ರೂ ನಮಗೆ ಬೇಕು” ಎಂದ. ಸೊನ್ನೆಗಳು ಮೂರಿವೆ ಎಂದು ಹೇಳಿ, ಪುಟದ ಫೋಟೊವನ್ನು ಮೊಮ್ಮಗಳ ಕೈಯಲ್ಲಿ ತೆಗೆಸಿ ಕಳುಹಿಸಿದೆ. ಅದರ ಕೆಳಗೆ ಆ ದಿನದ ಲೆಕ್ಕವನ್ನೂ ಸೇರಿಸಿದೆ: ಕೃಷ್ಣರಾಜಪುರ ಮೆಟ್ರೊ ನಿಲ್ದಾಣ, ಬೆಳಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷದಿಂದ ಹತ್ತು ನಿಮಿಷ, ತೆಳುಮೋಡ, ಪಡುವಣ ಗಾಳಿ, ಮೂಡಲಿಗೆ ಹೋದುವು ಇಪ್ಪತ್ತಾರು, ಪಡುವಲಿಗೆ ಸೊನ್ನೆ. ಮೊದಲು ಕಂಡ ಎರಡು, ಚಿಟ್ಟೆಗಳೋ ನನ್ನ ಎಡಗಣ್ಣಿನ ಚುಕ್ಕೆಗಳೋ ಎಂಬ ಸಂದೇಹವಿರುವುದರಿಂದ, ಈ ಲೆಕ್ಕದಲ್ಲಿ ಸೇರಿಲ್ಲ.